ಸೂಜಿ ದಾರದ ವಿದ್ಯೆ

(ಶಾಲೆಯ ವಾರ್ಷಿಕ ಸಮ್ಮೇಳನದ ಕರಕುಶಲ ಪ್ರದರ್ಶನದ ಸಂದರ್ಭದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಇಂದಿನ ಪ್ರದರ್ಶನದ ಮೇಜುಗಳ ಮೇಲೆ ಬೆಲೆಬಾಳುವ ವಸ್ತು ಒಂದೂ ಇಲ್ಲ. ಹಳೆಯ ಕೌದಿ, ಎಲೆಯಡಿಕೆಯ ಚಂಚಿ, ಕೂಸಿನ ಕುಲಾವಿ, ಖಣದ ಕುಪ್ಪಸ, ಕಸೂತಿಯ ಸೆರಗು; ಇವೆಲ್ಲ ನಮ್ಮ ಮಕ್ಕಳು ತಮ್ಮ ಮನೆಯ ಪೆಟ್ಟಿಗೆಗಳಿಂದ ಹುಡುಕಿ ತಂದವು. ಅಂಗಡಿಯಲ್ಲಿ ಇವುಗಳಿಗೆ ಬೆಲೆ ಬಾರದು. ಆದರೆ ಇವುಗಳನ್ನು ಮಾಡಿದ ಕೈಗಳ ವಿದ್ಯೆಗೆ ಬೆಲೆಯುಂಟು. ಆ ವಿದ್ಯೆ ನಮ್ಮ ಕಣ್ಣೆದುರಿಗೇ ಮನೆಬಿಟ್ಟು ಹೊರಡುತ್ತಿದೆ. ಅದನ್ನು ಉಳಿಸಿಕೊಳ್ಳುವ ಬಗೆ ಯಾವುದೆಂಬುದನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ.

ಹೊಲಿಗೆಯನ್ನು ಕೀಳೆಂದು ಎಣಿಸುವುದು ನಮ್ಮ ನಾಡಿನ ಪರಂಪರೆಯಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನೊಬ್ಬನಿದ್ದನು. ಅವನ ಕಾಯಕವು ಅವನ ಹೆಸರಿನೊಡನೆಯೇ ನಮಗೆ ಬಂದಿದೆ. ಸೊನ್ನಲಿಗೆಯ ಸಿದ್ಧರಾಮನ ಹೆಸರು ಹೇಳುವ ಈ ಸೊಲ್ಲಾಪುರದ ಸೀಮೆಯಲ್ಲಿ ಇದನ್ನು ನಾವು ನೆನೆಯಬೇಕು. ಯಂತ್ರಗಳ ವಿಷಯದಲ್ಲಿ ಕಟ್ಟುನಿಟ್ಟಾಗಿದ್ದ ಮಹಾತ್ಮಾ ಗಾಂಧಿಯವರು ಕೂಡ 1924ರಲ್ಲಿ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟು, ಮನುಷ್ಯನು ಕಂಡುಹಿಡಿದ ಕೆಲವೇ ಉಪಯುಕ್ತ ವಸ್ತುಗಳಲ್ಲಿ ಅದೂ ಒಂದೆಂದರು.

ಈಗ ಈ ಕೌದಿಯನ್ನು ನೋಡಿರಿ. ಸವೆದ ಸೀರೆ, ಹರಿದ ಧೋತರ, ಮಕ್ಕಳ ಗಿಡ್ಡವಾದ ಅಂಗಿ, ಇವುಗಳ ಗಟ್ಟಿ ಭಾಗಗಳನ್ನಷ್ಟೇ ಆರಿಸಿ, ಪದರಪದರವಾಗಿ ಹಾಸಿ, ಅಂಚಿನಿಂದ ಒಳಮುಖವಾಗಿ ಸಾಲುಸಾಲಾಗಿ ದಾರ ಓಡಿಸಿ ಮಾಡಿದ್ದಾರೆ. ಪದರಗಳ ನಡುವೆ ಗಾಳಿ ನಿಲ್ಲುವುದರಿಂದ ಅದು ಬೆಚ್ಚಗಿರುತ್ತದೆ. ಹೊಲಿಗೆಯ ಸಾಲುಗಳು ಒತ್ತಾಗಿರುವುದರಿಂದ ಒಂದು ಕಡೆ ದಾರ ಕಿತ್ತರೂ ಇಡೀ ಕೌದಿ ಬಿಚ್ಚಿಹೋಗದು. ಒಗೆದಷ್ಟೂ ಮೆತ್ತಗಾಗುತ್ತದೆ. ಇದನ್ನು ಮಾಡಿದ ತಾಯಿ ಭೌತಶಾಸ್ತ್ರವನ್ನು ಓದಿರಲಿಕ್ಕಿಲ್ಲ. ಆದರೆ ಅದರ ತತ್ತ್ವವನ್ನು ಅರಿತಿದ್ದಳು.

ಕಸೂತಿಯ ಮಾತೂ ಹಾಗೆಯೇ. ಗವಂತಿ, ಮುರ್ಗಿ, ನೇಯ್ಗಿ, ಮೆಂಥಿ ಎಂಬ ನಾಲ್ಕು ಬಗೆಯ ಹೊಲಿಗೆಗಳಿಂದ ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲುಗಳು ಮೂಡುತ್ತವೆ. ಬಟ್ಟೆಯ ಮೇಲೆ ಮೊದಲು ಗೆರೆ ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆಗಳನ್ನು ಎಣಿಸಿಯೇ ಸೂಜಿ ಹಾಕಬೇಕು. ಗವಂತಿಯಲ್ಲಂತೂ ಹೋದ ದಾರಿಯಲ್ಲೇ ಹಿಂದಿರುಗಿ ಬಿಟ್ಟ ಜಾಗಗಳನ್ನು ತುಂಬುವುದರಿಂದ ಬಟ್ಟೆಯ ಎರಡೂ ಮಗ್ಗುಲು ಒಂದೇ ತೆರನಾಗಿ ಕಾಣುತ್ತದೆ. ಎಣಿಕೆಯಲ್ಲಿ ಒಂದು ಎಳೆ ತಪ್ಪಿದರೆ ಗೋಪುರ ವಾಲುತ್ತದೆ. ಗಣಿತದ ಶಿಸ್ತು ಇದಕ್ಕಿಂತ ಬೇರೆಯೇ?

ಇನ್ನು ಈ ಚಂಚಿ. ಹಿಂದಿನವರು ಎಲೆ, ಅಡಿಕೆ, ಸುಣ್ಣದ ಡಬ್ಬಿ, ಅಡಕೊತ್ತು, ಚಿಲ್ಲರೆ ಹಣ, ಇವುಗಳಿಗೆ ಬೇರೆಬೇರೆ ಅರೆಗಳಿರುವ ಬಟ್ಟೆಯ ಚಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುತ್ತಿದ್ದರು. ಎಲೆಯಡಿಕೆಯ ಅಭ್ಯಾಸ ಮಕ್ಕಳಿಗೆ ಬೇಡ. ಆದರೆ ಚಂಚಿ ಬೇಕು. ಅದರಲ್ಲಿ ಪೆನ್ಸಿಲು, ರಬ್ಬರು, ಕೈವಾರಗಳನ್ನು ಇಟ್ಟುಕೊಳ್ಳಬಹುದು. ಮಾಡುವ ಕ್ರಮವನ್ನು ಹೇಳುತ್ತೇವೆ. ಐದನೆಯ ಇಯತ್ತೆಯ ಮಗುವಿಗೂ ಇದು ಸಾಧ್ಯ.

ದಪ್ಪ ನೂಲಿನ ಬಟ್ಟೆಯನ್ನು ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿರಿ. ಕುಗ್ಗುವುದಿದ್ದರೆ ಹೊಲಿಯುವ ಮೊದಲೇ ಕುಗ್ಗಲಿ. ಹಳೆಯ ಬಟ್ಟೆಯಾದರೆ ಬೆಳಕಿಗೆ ಹಿಡಿದು ಸವೆದ ಜಾಗವನ್ನು ಬಿಟ್ಟುಬಿಡಿರಿ. 20 ಇಂಚು ಉದ್ದ, 9 ಇಂಚು ಅಗಲ ಕತ್ತರಿಸಿರಿ. ಒಂದು ಎಳೆಯನ್ನು ಎಳೆದು ತೆಗೆದರೆ ಉಳಿಯುವ ಗೆರೆಯೇ ಕತ್ತರಿಗೆ ನೇರ ದಾರಿ. ನಾಲ್ಕೂ ಅಂಚುಗಳನ್ನು ಕಾಲು ಇಂಚಿನಂತೆ ಎರಡು ಸಲ ಮಡಿಸಿ ಹೊಲಿದರೆ 19 ಇಂಚು ಉದ್ದ, 8 ಇಂಚು ಅಗಲ ಉಳಿಯುತ್ತದೆ. ಕೆಳಗಿನಿಂದ ಆರೂವರೆ ಇಂಚು ಮೇಲಕ್ಕೆ ಮಡಿಸಿ ಎರಡು ಮಗ್ಗುಲು ಹೊಲಿಯಿರಿ. ನಡುವೆ ಎರಡು ನೇರ ಸಾಲು ಹೊಲಿದರೆ ಮೂರು ಅರೆಗಳಾದುವು. ಮೇಲೆ ಉಳಿದ 6 ಇಂಚು ಮುಚ್ಚಳ. ಅದರ ಅಂಚಿನ ನಡುವೆ ಒಂದು ಕಸೆ ಹೊಲಿದು, ಸುತ್ತಿ ಕಟ್ಟಿದರೆ ಚಂಚಿ ಸಿದ್ಧ. ದಾರವು ಒಂದು ಮೊಳಕ್ಕಿಂತ ಉದ್ದವಿರಬಾರದು, ಉದ್ದವಾದರೆ ಗಂಟು ಬೀಳುತ್ತದೆ. ಪ್ರತಿ ಸಾಲಿನ ಮೊದಲಲ್ಲಿಯೂ ಕೊನೆಯಲ್ಲಿಯೂ ಎರಡು ಹೊಲಿಗೆ ಹಿಂದಕ್ಕೆ ಹಾಕಿದರೆ ಬಿಚ್ಚುವ ಭಯವಿಲ್ಲ.

ಇದು ಹೆಣ್ಣುಮಕ್ಕಳ ಕೆಲಸವಲ್ಲವೆ ಎಂದು ಗಂಡುಹುಡುಗರು ನಗಬಹುದು. ಪೇಟೆಯಲ್ಲಿ ಶಿಂಪಿಗರ ಅಂಗಡಿಗಳಲ್ಲಿ ಯಂತ್ರ ತುಳಿಯುವವರು ಯಾರು ಎಂದು ಅವರೇ ನೋಡಿ ಬರಲಿ. ಅಂಗಿಯ ಗುಂಡಿ ಕಿತ್ತುಹೋಯಿತೆಂದು, ಚೀಲದ ಹಿಡಿ ಹರಿಯಿತೆಂದು ನಾಚಿ ತರಗತಿಯ ಹಿಂದಿನ ಸಾಲಿನಲ್ಲಿ ಮುದುಡಿ ಕೂಡುವ ಮಕ್ಕಳನ್ನು ಶಿಕ್ಷಕರಾದ ನಾವು ಕಾಣುತ್ತೇವೆ. ಐದು ನಿಮಿಷದ ಕೆಲಸ ಬಾರದ್ದರಿಂದ ಒಂದು ದಿನದ ಪಾಠ ಹೋಗುತ್ತದೆ. ತನ್ನ ಗುಂಡಿಯನ್ನು ತಾನೇ ಹಚ್ಚಿಕೊಳ್ಳಬಲ್ಲ ಮಗು ಬಡತನಕ್ಕೆ ನಾಚುವುದಿಲ್ಲ. ತೇಪೆ ಹಾಕಿದ ಶುಚಿಯಾದ ಅಂಗಿ ಗೌರವದ ಉಡುಪೇ ಸರಿ.

ಇನ್ನೊಂದು ಮಾತು. ನಮ್ಮ ಪೇಟೆಯ ವ್ಯವಹಾರ ಮರಾಠಿಯಲ್ಲಿ ನಡೆಯುತ್ತದೆ. ಅದು ನಮ್ಮ ನೆರೆಯ ಭಾಷೆ, ಅದನ್ನು ಚೆನ್ನಾಗಿ ಕಲಿಯಬೇಕು. ಆದರೆ ಅರಿವೆ, ಅಂಚು, ಸೆರಗು, ಕಸೆ, ಗೊಂಡೆ, ತೇಪೆ, ಕುಲಾವಿ, ಇಂಥ ಮಾತುಗಳು ಪಠ್ಯಪುಸ್ತಕದಲ್ಲಿ ಸಿಗುವುದು ಕಡಿಮೆ. ಅವು ಅಜ್ಜಿಯ ಬಾಯಲ್ಲಿವೆ. ವಸ್ತು ಮನೆಯಿಂದ ಹೋದರೆ ಅದರ ಹೆಸರೂ ಹೋಗುತ್ತದೆ. ಕೌದಿಯನ್ನೇ ಕಾಣದ ಮಗುವಿಗೆ ಕೌದಿ ಎಂಬ ಮಾತು ಏತಕ್ಕೆ ಬೇಕು? ಗಡಿಯಾಚೆಗಿನ ನಮ್ಮ ಕನ್ನಡವು ಶಾಲೆಯಲ್ಲಿ ಮಾತ್ರ ಉಳಿಯಲಾರದು, ಮನೆಯ ಕೆಲಸದೊಡನೆ ಉಳಿಯಬೇಕು.

ಕೈಕೆಲಸದ ಮೂಲಕ ಶಿಕ್ಷಣವೆಂಬ ವಿಚಾರವು 1937ರ ವಾರ್ಧಾ ಪರಿಷತ್ತಿನಲ್ಲಿ ದೇಶದ ಮುಂದೆ ಬಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 6ರಿಂದ 8ನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಸ್ಥಳೀಯ ಕಸಬುದಾರರಿಂದ ಕಲಿಯಲೆಂದು ಹೇಳುತ್ತದೆ. ನಮ್ಮ ಗುರುಗಳನ್ನು ದೂರದಿಂದ ಕರೆತರಬೇಕಾಗಿಲ್ಲ. ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತ ತಾಯಂದಿರೇ, ಅಜ್ಜಿಯರೇ ಆ ಗುರುಗಳು.

ಆದುದರಿಂದ ಅವರಲ್ಲಿ ನಮ್ಮ ವಿನಂತಿ ಇಷ್ಟೇ: ನಮಗೇನು ಬರುತ್ತದೆಂದು ಹಿಂಜರಿಯದೆ ಶಾಲೆಗೆ ಬಂದು ಕಲಿಸಿರಿ. ಸೂಜಿ, ದಾರ, ಕತ್ತರಿಗಳ ವೆಚ್ಚವನ್ನು ಸಂಸ್ಥೆಯು ವಹಿಸಲೆಂದು ಆಡಳಿತ ಮಂಡಲಿಯನ್ನು ಪ್ರಾರ್ಥಿಸುತ್ತೇವೆ. ಮಕ್ಕಳೆ, ಬರುವ ರಜೆಯಲ್ಲಿ ಒಬ್ಬೊಬ್ಬರೂ ಒಂದು ಚಂಚಿ ಹೊಲಿದು ತನ್ನಿರಿ. ಕಲಿಸಿದವರ ಹೆಸರನ್ನೂ ಅವರಿಂದ ಕೇಳಿದ ಹೊಲಿಗೆಯ ಹತ್ತು ಮಾತುಗಳನ್ನೂ ಬರೆದು ಅದರೊಳಗೆ ಇಟ್ಟುಕೊಂಡು ಬನ್ನಿರಿ. ಮುಂದಿನ ವರ್ಷದ ಪ್ರದರ್ಶನದಲ್ಲಿ ಹಳೆಯ ವಸ್ತುಗಳ ಪಕ್ಕದಲ್ಲಿ ಅವುಗಳನ್ನು ಇಡೋಣ.