ಶಾಂತ ಬಡಾವಣೆಯ ಬಾಗಿಲು



ವರ್ಗಾವಣೆಯ ನಿಮಿತ್ತ ಸೂರತ್, ವಡೋದರಾ, ಅಹಮದಾಬಾದುಗಳಲ್ಲಿ ಬಾಡಿಗೆ ಮನೆ ಅರಸಿದವನು ನಾನು. ಇಲ್ಲಿನ ಹಳೆಯ ಸೊಸೈಟಿಗಳ ಸುಖ ತಮಗೂ ಗೊತ್ತು: ಬೇವಿನ ನೆರಳು, ಉಯ್ಯಾಲೆಯಲ್ಲಿ ಕುಳಿತ ಅಜ್ಜಿಯರು, ಕೈಗೆಟುಕುವ ಬಾಡಿಗೆ, ರಾತ್ರಿ ಹತ್ತಕ್ಕೆಲ್ಲ ಮೌನ. (ನವರಾತ್ರಿಯ ಮಾತು ಬೇರೆ!)

ಅಹಮದಾಬಾದಿನಲ್ಲಿ ಬಾಡಿಗೆಯ ಮಾತಿಗೂ ಮೊದಲು ನನ್ನನ್ನು ಕೇಳಿದ್ದು, ‘ಶಾಕಾಹಾರಿಗಳೋ?’ ಎಂದು. ಹೌದೆಂದೆ, ಕೀಲಿಕೈ ದೊರೆಯಿತು. ಅದೇ ತಿಂಗಳು ವರ್ಗವಾಗಿ ಬಂದ ಸಹೋದ್ಯೋಗಿಯೊಬ್ಬರು ವಿಜಯಪುರದ ಮುಸ್ಲಿಮರು, ನನಗಿಂತ ಸೊಗಸಾದ ಕನ್ನಡದವರು. ಅವರ ಹೆಸರು ಕೇಳಿದೊಡನೆ ಮನೆಗಳೆಲ್ಲ ‘ಆಗಲೇ ಕೊಟ್ಟಾಗಿದೆ’. ಕೊನೆಗೆ ಜುಹಾಪುರದಲ್ಲಿ ನೆಲೆಸಿದರು. 1973ರ ಸಾಬರಮತಿ ನೆರೆಯ ಸಂತ್ರಸ್ತರಿಗಾಗಿ, ಹಿಂದೂ–ಮುಸ್ಲಿಮರಿಬ್ಬರಿಗೂ ಕಟ್ಟಿದ ವಸತಿಯ ಸುತ್ತ ಬೆಳೆದ ಬಡಾವಣೆಯದು. ಅನಂತರದ ಗಲಭೆಗಳು ಅದನ್ನು ಒಂದೇ ಸಮುದಾಯದ ನೆಲೆಯಾಗಿಸಿದವು.

ಜನ ‘ಅಶಾಂತ ಧಾರೋ’ ಎನ್ನುವ 1991ರ ಕಾಯ್ದೆಯ ಉದ್ದೇಶ, ಗಲಭೆಗೆ ಅಂಜಿ ಮನೆಯನ್ನು ಅಗ್ಗಕ್ಕೆ ಮಾರದಿರಲೆಂಬುದು. ಘೋಷಿತ ಪ್ರದೇಶದಲ್ಲಿ ಮಾರಾಟಕ್ಕೆ ಕಲೆಕ್ಟರರ ಪೂರ್ವಾನುಮತಿ ಬೇಕು. ಫಲವಾಗಿ ಬೇರೆ ಮತದವರಿಗೆ ಮಾರುವುದೇ ದುಸ್ತರ. 2005ರಲ್ಲಿ ಸುಪ್ರೀಂ ಕೋರ್ಟು, ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಂಘವೊಂದು ಸದಸ್ಯತ್ವವನ್ನು ಪಾರ್ಸಿಗಳಿಗಷ್ಟೇ ಸೀಮಿತಗೊಳಿಸಿದ್ದನ್ನೂ ಎತ್ತಿಹಿಡಿಯಿತು.

ಆ ಸಹೋದ್ಯೋಗಿ ನಮ್ಮ ಯುಗಾದಿ ಊಟಕ್ಕೆ ಸಂಸಾರಸಮೇತ ಬರುತ್ತಾರೆ. ನಮ್ಮ ಸೊಸೈಟಿಯಲ್ಲೀಗ ಮನೆಯೊಂದು ಖಾಲಿಯಿದೆ. ಅವರಿಗೆ ನಾನಿನ್ನೂ ಹೇಳಿಲ್ಲ.