ಹದಿನೆಂಟು ತುಂಬುವ ಮೊದಲು



ಈ ದಿನ ನಾವು ಗಾಡಿಯ ವಿಷಯ ಮಾತಾಡೋಣ. ಎತ್ತಿನ ಗಾಡಿ ಅಲ್ಲ. ಬೈಕು, ಸ್ಕೂಟರು, ಆಟೋ, ಕಾರು. ಈಗ ಇವು ಹಳ್ಳಿ ಹಳ್ಳಿಗೂ ಬಂದಿವೆ. ಸಂಘದ ಸಾಲ ತೆಗೆದು ಗಾಡಿ ಕೊಂಡವರೂ ನಮ್ಮಲ್ಲಿ ಇದ್ದಾರೆ. ಆರ್.ಸಿ. ತಾಯಿಯ ಹೆಸರಿನಲ್ಲಿ ಇರುತ್ತೆ. ಓಡಿಸುವವನು ಮಗ.

ಮಗನಿಗೆ ವಯಸ್ಸು ಎಷ್ಟು?

ತೊಡಕು ಇರುವುದು ಇಲ್ಲೇ. ಮೀಸೆ ಚಿಗುರಿದ ಕೂಡಲೆ ಹುಡುಗರಿಗೆ ಕೀಲಿ ಬೇಕು. "ಅವ್ವಾ, ಗಿರಣಿಗೆ ಹೋಗಿ ಬರ್ತೀನಿ, ಕೀಲಿ ಕೊಡು" ಅಂತಾರೆ. ಕೆಲಸ ಬೇಗ ಆದರೆ ಸಾಕು ಅಂತ ತಾಯಿ ಕೊಟ್ಟುಬಿಡ್ತಾಳೆ.

ಕಾನೂನು ಏನು ಹೇಳುತ್ತೆ, ಕೇಳಿ. ಗಾಡಿ ಓಡಿಸಲು 18 ವರ್ಷ ತುಂಬಿರಬೇಕು. "16 ಆದ್ರೆ ಸ್ಕೂಟಿ ಓಡಿಸಬಹುದಂತೆ" ಎಂದು ಕೆಲವರು ಹೇಳ್ತಾರೆ. ಅದು ಅರ್ಧ ಮಾತು. 16 ತುಂಬಿದವರಿಗೆ ಲೈಸೆನ್ಸ್ ಸಿಗುವುದು 50 ಸಿ.ಸಿ. ಮೀರದ, ಗೇರ್ ಇಲ್ಲದ ಗಾಡಿಗೆ ಮಾತ್ರ. ಈಗ ರಸ್ತೆಯಲ್ಲಿ ಓಡುವ ಪೆಟ್ರೋಲ್ ಸ್ಕೂಟಿಗಳು ಹೆಚ್ಚಾಗಿ 100 ಸಿ.ಸಿ. ದಾಟಿದವು.

2019ರಲ್ಲಿ ಕಾನೂನು ಇನ್ನೂ ಬಿಗಿಯಾಯಿತು. 18 ತುಂಬದ ಮಗ ಲೈಸೆನ್ಸ್ ಇಲ್ಲದೆ ಗಾಡಿ ಓಡಿಸಿ ತಪ್ಪು ಮಾಡಿದರೆ, ಕೇಸು ತಂದೆ ತಾಯಿಯ ಮೇಲೆ, ಇಲ್ಲವೆ ಗಾಡಿಯ ಮಾಲೀಕರ ಮೇಲೆ. 25,000 ರೂಪಾಯಿ ದಂಡ. 3 ವರ್ಷದ ತನಕ ಜೈಲು ಆಗಬಹುದು. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವ ತನಕ ಲೈಸೆನ್ಸ್ ಇಲ್ಲ. "ನನಗೆ ಗೊತ್ತೇ ಇರಲಿಲ್ಲ ಸ್ವಾಮಿ" ಅಂದರೆ ಸಾಲದು. ಗೊತ್ತಿರಲಿಲ್ಲ ಅನ್ನುವುದನ್ನು ಸಾಬೀತು ಮಾಡಬೇಕು. ಯಾರಿಗಾದರೂ ಪೆಟ್ಟಾದರೆ, ವಿಮೆ ಕಂಪನಿ ಕೊಟ್ಟ ಪರಿಹಾರದ ಹಣವನ್ನು ಮಾಲೀಕರಿಂದಲೇ ವಸೂಲಿ ಮಾಡಬಹುದು. ಸಂಘದ ಸಾಲ ಬೇರೆ, ಇದು ಬೇರೆ. ಹೊಲ ಮಾರಬೇಕಾದೀತು.

ಹಾಗಾದರೆ 18 ತುಂಬುವ ತನಕ ಮಕ್ಕಳು ಸುಮ್ಮನೆ ಕೂರಬೇಕೆ? ಬೇಡ. ಗೇರು, ಕ್ಲಚ್ಚು, ಬ್ರೇಕು ಕಲಿಯಲು ಕೆಲವು ವಾರ ಸಾಕು. ರಸ್ತೆಯನ್ನು ನೋಡುವ ಕಣ್ಣು ಬರಲು ವರ್ಷಗಳು ಬೇಕು. ಅದನ್ನು 13-14 ವರ್ಷಕ್ಕೇ ಶುರು ಮಾಡಬಹುದು. ಅದಕ್ಕೆ ಕೀಲಿ ಬೇಡ, ಪೆಟ್ರೋಲು ಬೇಡ.

ಮೊದಲ ಶಾಲೆ ಸೈಕಲ್ಲು. 2006-07ರಲ್ಲಿ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತಲ್ಲ, ಆಗ ಎಷ್ಟೋ ಹೆಣ್ಣುಮಕ್ಕಳು ಮೊದಲ ಸಲ ಪೆಡಲು ತುಳಿದರು. ಸೈಕಲ್ಲಿನಲ್ಲೂ ಎಡಕ್ಕೇ ಹೋಗಬೇಕು. ತಿರುಗುವ ಮೊದಲು ಹಿಂದೆ ನೋಡಬೇಕು. ಕೈ ತೋರಿಸಬೇಕು. ಮಳೆಯಲ್ಲಿ ಬ್ರೇಕ್ ಹಿಡಿದರೆ ಸೈಕಲ್ ಕೂಡಲೆ ನಿಲ್ಲುವುದಿಲ್ಲ ಅನ್ನುವುದು ಅಲ್ಲೇ ತಿಳಿಯುತ್ತೆ.

ಎರಡನೆಯ ಶಾಲೆ ಬಸ್ಸು. ಮಗಳನ್ನು ಕಿಟಕಿ ಪಕ್ಕ ಬೇಡ, ಮುಂದೆ ಡ್ರೈವರ್ ಕಾಣುವ ಕಡೆ ಕೂರಿಸಿ. "ಈಗ ಏನಾಗುತ್ತೆ ಹೇಳು" ಅಂತ ಕೇಳಿ. ಒಂದು ಕುರಿ ರಸ್ತೆ ದಾಟಿತು. ಹಿಂದೆ ಮಂದೆಯೇ ಬರುತ್ತೆ. ಓಣಿಯಿಂದ ಚೆಂಡು ಉರುಳಿ ಬಂತು. ಅದರ ಹಿಂದೆ ಮಗು ಬರುತ್ತೆ. ಒಳ್ಳೆಯ ಡ್ರೈವರ್ ಚೆಂಡು ಕಂಡಾಗಲೇ ಬ್ರೇಕಿನ ಮೇಲೆ ಕಾಲು ಇಡುತ್ತಾನೆ.

ಇನ್ನು ವೇಗದ ಲೆಕ್ಕ. ಇದು ನಮ್ಮ ಸೀರೆಯ ಲೆಕ್ಕ. ಒಂದು ಸೀರೆ ಐದೂವರೆ ಮೀಟರು. ಗಂಟೆಗೆ 40 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತೆ. ಅಂದರೆ ಎರಡು ಸೀರೆ ಉದ್ದ. "ಅಯ್ಯೋ" ಅನ್ನುವಷ್ಟರಲ್ಲಿ ಎರಡು ಸೀರೆ ದೂರ ಹೋಗಿಯಾಯಿತು. ಬ್ರೇಕ್ ಹಿಡಿಯುವುದು ಆಮೇಲೆ. 80ರಲ್ಲಿ ಹೋದರೆ ನಾಲ್ಕು ಸೀರೆ. ಅಷ್ಟೇ ಅಲ್ಲ, ವೇಗ ಎರಡರಷ್ಟಾದರೆ, ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ನಾಲ್ಕರಷ್ಟು ದೂರ ಬೇಕು. ಮಕ್ಕಳನ್ನು ಕರೆದು ಅಂಗಳದಲ್ಲಿ ಸೀರೆ ಹಾಸಿ ತೋರಿಸಿ. ಬೈದು ಹೇಳುವುದಕ್ಕಿಂತ ಇದು ಚೆನ್ನಾಗಿ ತಲೆಗೆ ಹೋಗುತ್ತೆ.

ಲಾರಿಯ ವಿಷಯವೂ ಹೇಳಿಕೊಡಿ. ಲಾರಿಯ ಕನ್ನಡಿಯಲ್ಲಿ ಡ್ರೈವರ್ ಮುಖ ನಮಗೆ ಕಾಣದಿದ್ದರೆ, ನಾವೂ ಆ ಕನ್ನಡಿಯಲ್ಲಿ ಅವನಿಗೆ ಕಾಣುವುದಿಲ್ಲ. ಎಡಗಡೆ ಸಂದಿಯಲ್ಲಿ ನುಗ್ಗಬಾರದು.

ರಸ್ತೆ ಪಕ್ಕದ ಬೋರ್ಡುಗಳು ನಿಮಗೂ ಓದುವ ಪಾಠ. ಮೂರು ಮೂಲೆಯದು ಎಚ್ಚರಿಕೆ: ಮುಂದೆ ತಿರುವು ಇದೆ, ಶಾಲೆ ಇದೆ. ದುಂಡಗಿನದು ಆಜ್ಞೆ, ಮೀರಿದರೆ ದಂಡ. ನೀಲಿ ಚೌಕದ್ದು ಮಾಹಿತಿ: ಆಸ್ಪತ್ರೆ, ಪೆಟ್ರೋಲ್ ಬಂಕು. ತಾಯಿ ಮಗಳು ಇಬ್ಬರೂ ಪಂದ್ಯ ಕಟ್ಟಿ ಓದಿ.

ಇಲ್ಲಿ ಒಂದು ಮಾತು, ನಮ್ಮವರಿಗೆ ಸಿಟ್ಟು ಬಂದರೂ ಸರಿ. ಸುಗ್ಗಿಯಲ್ಲಿ ಡಾಂಬರು ರಸ್ತೆ ಮೇಲೆ ರಾಗಿ, ಹುರುಳಿ ಹರವುತ್ತೇವಲ್ಲ, ಅದರ ಮೇಲೆ ಬೈಕಿನ ಚಕ್ರ ಜಾರುತ್ತೆ. ಕಾರಿನ ಅಡಿಗೆ ಹುಲ್ಲು ಸುತ್ತಿಕೊಂಡು ಬೆಂಕಿ ಹತ್ತುವುದೂ ಉಂಟು. ಜಾರಿ ಬೀಳುವ ಹುಡುಗ ಯಾರ ಮನೆಯವನೋ! ಒಕ್ಕಣೆಗೆ ಕಣವೇ ಸರಿ.

ಗಾಡಿ ಹಿಂದೆ ಕೂರುವ ನಾವೂ ಸ್ವಲ್ಪ ನೋಡಿಕೊಳ್ಳಬೇಕು. ಸೆರಗು, ವೇಲು ಚಕ್ರಕ್ಕೆ ಸಿಕ್ಕಿಬಿಡುತ್ತೆ. ಸೊಂಟಕ್ಕೆ ಸಿಕ್ಕಿಸಿಕೊಳ್ಳಿ. ಗಾಡಿಗೆ ಸೀರೆ ಗಾರ್ಡ್ ಇರಲೇಬೇಕು. ಹಿಂದೆ ಕೂರುವುದು ಒಬ್ಬರೇ. ಹೆಲ್ಮೆಟ್ ಇಬ್ಬರಿಗೂ ಬೇಕು, ಐ.ಎಸ್.ಐ. ಗುರುತಿನದು. ಪಟ್ಟಿ ಹಾಕದ ಹೆಲ್ಮೆಟ್ ಬಿದ್ದಾಗ ತಲೆಗಿಂತ ಮೊದಲು ಹಾರಿಹೋಗುತ್ತೆ.

18 ತುಂಬಿತು ಅನ್ನಿ. ಆಗ ಆರ್.ಟಿ.ಓ.ಗೆ ಅರ್ಜಿ ಹಾಕಿ ಎಲ್.ಎಲ್.ಆರ್. ಮಾಡಿಸಬೇಕು. ಅದು 6 ತಿಂಗಳು ನಡೆಯುತ್ತೆ. ಗಾಡಿಗೆ ಬಿಳಿ ಹಲಗೆಯ ಮೇಲೆ ಕೆಂಪು 'ಎಲ್' ಹಚ್ಚಬೇಕು. ಕಾರಾದರೆ ಪಕ್ಕದಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು. ಬೈಕಾದರೆ ಹಿಂದೆ ಗೆಳೆಯರನ್ನು ಹೇರಿಕೊಂಡು ಹೋಗುವ ಹಾಗಿಲ್ಲ. ಕಡಿಮೆ ಅಂದರೆ 30 ದಿನ ಕಲಿತ ಮೇಲೆ ಪರೀಕ್ಷೆ. ಕಣ್ಣೂ ಚೆನ್ನಾಗಿರಬೇಕು. 25 ಮೀಟರ್ ದೂರದಿಂದ ಗಾಡಿಯ ನಂಬರು ಓದಲು ಬರಬೇಕು. ಓದಲು ಬಾರದಿದ್ದರೆ ಮೊದಲು ಕನ್ನಡಕ ಮಾಡಿಸಿ.

"ಇದೆಲ್ಲ ಮಕ್ಕಳಿಗೆ ಆಯ್ತು, ನಮಗೆ?" ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಒಳ್ಳೆ ಪ್ರಶ್ನೆ. ಬೆಂಗಳೂರಿನಲ್ಲಿ ಹೆಂಗಸರು ಸಿಟಿ ಬಸ್ಸನ್ನೇ ಓಡಿಸಿದ್ದಾರೆ. ಮೊದಲು ಬಾಡಿಗೆ ಗಾಡಿ ಓಡಿಸಲು ಎಂಟನೇ ತರಗತಿ ಪಾಸಾಗಿರಬೇಕಿತ್ತು. ಆ ನಿಯಮವನ್ನು 2019ರಲ್ಲಿ ತೆಗೆದರು. ಈಗ 20 ವರ್ಷ ತುಂಬಿದವರು, ಶಾಲೆ ಮೆಟ್ಟಿಲು ಹತ್ತದಿದ್ದರೂ, ಪರೀಕ್ಷೆ ಪಾಸಾದರೆ ಆಟೋ ಲೈಸೆನ್ಸ್ ಪಡೆಯಬಹುದು. ಬೋರ್ಡು ಓದಲು ನಿಮಗೆ ಈಗ ಬರುತ್ತೆ. ಕೇಳಿದ ಅಕ್ಕ ಸಭೆ ಮುಗಿದ ಮೇಲೆ ಇಲ್ಲೇ ಇರಿ, ಅರ್ಜಿ ತುಂಬುವುದು ಹೇಗೆ ಅಂತ ಕೂತು ನೋಡೋಣ.