ಪಂದ್ಯವೂ ಪ್ರೇಕ್ಷಕನೂ

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ವಾಚನಾಲಯಕ್ಕೆ ಬರುವ ಪತ್ರಿಕೆಗಳಲ್ಲಿ ಮೊದಲು ಹರಿಯುವ ಹಾಳೆ ಯಾವುದೆಂದು ಇಲ್ಲಿ ಕುಳಿತವರಿಗೆಲ್ಲ ಗೊತ್ತು. ಸಂಪಾದಕೀಯದ ಪುಟ ರಾತ್ರಿ ಬಾಗಿಲು ಹಾಕುವಾಗಲೂ ಇಸ್ತ್ರಿ ಮಾಡಿದಂತಿರುತ್ತದೆ. ಆಟೋಟದ ಪುಟವೋ, ರಾತ್ರಿಪಾಳಿ ಮುಗಿಸಿ ಬಂದವರ ಕೈಬಿಡುವುದರೊಳಗೆ ಹಣ್ಣಾಗಿರುತ್ತದೆ. ಗೋಡೆಯ ಮೇಲೆ 'ಮೌನವಾಗಿರಿ' ಎಂಬ ಫಲಕವಿದೆ. ಅದರ ನೇರ ಕೆಳಗೇ ಕೊಹ್ಲಿ ದೊಡ್ಡವನೋ ರೋಹಿತ ದೊಡ್ಡವನೋ ಎಂಬ ವ್ಯಾಜ್ಯ ನಡೆಯುತ್ತದೆ. ಇದನ್ನು ನಿಲ್ಲಿಸುವುದು ಆಗದ ಕೆಲಸವೆಂದು ಕಂಡುಕೊಂಡ ಸಮಿತಿಯವರು, ಹೇಗೂ ಆಡುವ ಮಾತನ್ನು ಒಂದು ಭಾನುವಾರ ಎಲ್ಲರೆದುರು ಆಡಿಬಿಡಿ ಎಂದು ನಮಗೆ ಅಪ್ಪಣೆ ಮಾಡಿದ್ದಾರೆ.

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗರ ಕ್ರೀಡಾಭಿಮಾನ ಸ್ವಲ್ಪ ವಿಚಿತ್ರದ್ದು. ಬೆಂಗಳೂರಿನಲ್ಲಿರುವವನಿಗೆ ಒಂದೇ ಕಡೆ. ದಾದರಿನ ಮರಾಠಿ ಗೆಳೆಯನಿಗೂ ಒಂದೇ ಕಡೆ. ನಮಗೆ ಹುಟ್ಟಿದ ಮನೆ ಅಲ್ಲಿ, ಅನ್ನದ ಮನೆ ಇಲ್ಲಿ. ಕರ್ನಾಟಕಕ್ಕೂ ಮುಂಬಯಿಗೂ ರಣಜಿ ಪಂದ್ಯ ಬಿದ್ದ ದಿನ ಡಬ್ಬಿಯಲ್ಲಿ ನಾವು ಬಾಯಿಬಿಡುವ ಮೊದಲು ಅಕ್ಕಪಕ್ಕ ಯಾರಿದ್ದಾರೆಂದು ನೋಡಿಕೊಳ್ಳುತ್ತೇವೆ.

ಹಿರಿಯ ಸದಸ್ಯರಿಗೆ 1974ರ ಮಾರ್ಚ್ ತಿಂಗಳ ವಿಷಯ ಎಷ್ಟು ಸಲ ಹೇಳಿದರೂ ಸಾಲದು. 1958-59ರಿಂದ 1972-73ರವರೆಗೆ, ಸತತ ಹದಿನೈದು ವರ್ಷ, ರಣಜಿ ಟ್ರೋಫಿ ಮುಂಬಯಿಯ ಬೀರು ಬಿಟ್ಟು ಕದಲಿರಲಿಲ್ಲ. ಬೆಂಗಳೂರಿನ ಸೆಮಿಫೈನಲಿನಲ್ಲಿ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ಹೊಡೆದರು. ಪ್ರಸನ್ನರ ಚೆಂಡು ಗಾವಸ್ಕರರನ್ನು ಬೌಲ್ಡ್ ಮಾಡಿತು. ಕಾಲು ಜಾರಿದ ವಾಡೇಕರ್ ರನೌಟಾದರು. ಮೊದಲ ಇನ್ನಿಂಗ್ಸಿನ ಮುನ್ನಡೆಯಿಂದ ಕರ್ನಾಟಕ ಗೆದ್ದಿತು. ಮುಂದೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಟ್ರೋಫಿಯನ್ನು ಮೊದಲ ಬಾರಿಗೆ ಊರಿಗೆ ತಂದಿತು. ಇದನ್ನು ಕೇಳಿದ ಮುಂಬಯಿ ಪಕ್ಷದವರು ತಪ್ಪದೆ 2010ರ ಜನವರಿಯನ್ನು ಎತ್ತುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯ ಮೈದಾನದಲ್ಲಿ ಫೈನಲು, ಕರ್ನಾಟಕಕ್ಕೆ 338 ಬೇಕಾಗಿತ್ತು, ಮನೀಶ್ ಪಾಂಡೆ 144 ಹೊಡೆದರು, ಬಂದದ್ದು 331. ಸೋಲು ಆರು ಓಟದ್ದು. ಅದಕ್ಕೆ ಉತ್ತರವಾಗಿ ನಮ್ಮವರು 2015ರಲ್ಲಿ ಮುಂಬಯಿ 44ಕ್ಕೆ ಮುಗಿದುಹೋದದ್ದನ್ನು ಹೇಳುತ್ತಾರೆ. ಅಷ್ಟರಲ್ಲಿ ಗ್ರಂಥಪಾಲಕರು ಕೆಮ್ಮುತ್ತಾರೆ.

ಈ ಆರು ಓಟದ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. 2009ರಲ್ಲಿ ಜೋಹಾನ್ಸ್‌ಬರ್ಗಿನ ಐಪಿಎಲ್ ಫೈನಲಿನಲ್ಲಿ ಕುಂಬ್ಳೆಯವರ ಬೆಂಗಳೂರು ತಂಡ ಡೆಕ್ಕನ್ ಚಾರ್ಜರ್ಸ್ ಎದುರು ಸೋತದ್ದೂ ಆರೇ ಓಟದಿಂದ. ಆಮೇಲೆ 2011ರಲ್ಲಿ ಸೋಲು, 2016ರಲ್ಲಿ ಸೋಲು. ಕೊನೆಗೆ 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು ಸೋಲಿಸಿ ಕಪ್ಪು ಎತ್ತಿದಾಗ ಅಂತರ ಎಷ್ಟು? 190ಕ್ಕೆ 184. ಮತ್ತೆ ಆರು. ಹದಿನೆಂಟನೆಯ ವರ್ಷಕ್ಕೆ ಬಂದ ಕಪ್ಪಿನಲ್ಲಿ ಇಂಥ ಲೆಕ್ಕ ನೋಡಿ ಸಂತೋಷಪಡುವುದು ಗುಮಾಸ್ತರ ಜಾಯಮಾನ, ಉಳಿದವರು ಕ್ಷಮಿಸಬೇಕು.

ಆದರೆ ಆ ತಂಡ ನಮ್ಮದು ಹೇಗೆ? ಮೇಜಿನ ಎದುರು ಬದಿಯವರ ಪ್ರಶ್ನೆ ಇದು, ಪ್ರಶ್ನೆ ನ್ಯಾಯವಾದದ್ದೇ. ನಾಯಕ ಪಾಟಿದಾರ್ ಇಂದೋರಿನವರು, ಕೊಹ್ಲಿ ದೆಹಲಿಯವರು, ಕೃನಾಲ್ ಪಾಂಡ್ಯ ಬರೋಡದ ಪರ ಆಡಿದವರು. ಫೈನಲಿನಲ್ಲಿ ಬ್ಯಾಟು ಹಿಡಿದ ಕರ್ನಾಟಕದವರೆಂದರೆ 24 ಓಟ ಮಾಡಿದ ಮಯಾಂಕ್ ಅಗರ್ವಾಲ್. ಅದೇ ಏಪ್ರಿಲ್ 10ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮಂಗಳೂರಿನಲ್ಲಿ ಬೆಳೆದ ಕೆ.ಎಲ್. ರಾಹುಲ್ ದೆಹಲಿಯ ಅಂಗಿ ತೊಟ್ಟು ಔಟಾಗದೆ 93 ಹೊಡೆದು ಬೆಂಗಳೂರನ್ನು ಸೋಲಿಸಿದರು. ಬ್ಯಾಟಿನಿಂದ ನೆಲದ ಮೇಲೆ ವೃತ್ತ ಬರೆದು, ಇದು ನನ್ನ ಅಂಗಳ ಎಂದು ಸನ್ನೆ ಮಾಡಿ ತೋರಿಸಿದರು. ಆ ಸಂಜೆ ನಮ್ಮ ಅರ್ಧ ಬೆಂಚು ಅದನ್ನು ದ್ರೋಹವೆಂದಿತು, ಇನ್ನರ್ಧ ಶಿಳ್ಳೆ ಹಾಕಿತು. ನಮ್ಮ ಅಭಿಪ್ರಾಯ ಕೇಳಿದರೆ, ಹರಾಜಿನಲ್ಲಿ ಕೊಂಡ ಅಂಗಿಗಿಂತ ಆಡಿ ಬೆಳೆದ ನೆಲಕ್ಕೆ ಹಕ್ಕು ಹೆಚ್ಚು. ರಾಹುಲ್ ಹೇಳಿದ್ದು ಸರಿ.

ಕರುಣ್ ನಾಯರರ ವಿಷಯದಲ್ಲಿ ಮಾತ್ರ ಇಲ್ಲಿ ಎರಡು ಪಕ್ಷವಿಲ್ಲ. 2016ರ ಡಿಸೆಂಬರಿನಲ್ಲಿ ಚೆನ್ನೈ ಟೆಸ್ಟಿನಲ್ಲಿ ಇಂಗ್ಲೆಂಡಿನ ಎದುರು ಔಟಾಗದೆ 303 ಹೊಡೆದ ಆಟಗಾರನಿಗೆ ಮುಂದೆ ಸ್ವಂತ ರಾಜ್ಯದ ತಂಡದಲ್ಲೇ ಜಾಗ ಇಲ್ಲದಾಯಿತು. 2023ರಲ್ಲಿ ವಿದರ್ಭಕ್ಕೆ ಹೋದರು. 2025ರ ಜನವರಿಯಲ್ಲಿ ವಿಜಯ್ ಹಜಾರೆ ಫೈನಲಿಗೆ ವಿದರ್ಭದ ನಾಯಕನಾಗಿ ಕರ್ನಾಟಕದ ಎದುರೇ ನಿಂತರು. ಕರ್ನಾಟಕ 36 ಓಟದಿಂದ ಗೆದ್ದಿತು. ಎರಡೇ ತಿಂಗಳಲ್ಲಿ ಕೇರಳದ ಎದುರಿನ ರಣಜಿ ಫೈನಲಿನಲ್ಲಿ 86 ಮತ್ತು 135 ಹೊಡೆದು ವಿದರ್ಭಕ್ಕೆ ಕಪ್ಪು ಕೊಡಿಸಿದರು. ಭಾರತ ತಂಡ ಕರೆಯಿತು. ಕರ್ನಾಟಕವೂ 2025-26ಕ್ಕೆ ಮರಳಿ ಕರೆದುಕೊಂಡಿತು. ಊರಿನಲ್ಲಿ ಜಾಗವಿಲ್ಲವೆನ್ನಿಸಿಕೊಂಡು ರೈಲು ಹತ್ತಿ, ಪಕ್ಕದ ರಾಜ್ಯದಲ್ಲಿ ಕೆಲಸ ಮಾಡಿ ತೋರಿಸುವುದು ಎಂದರೇನೆಂದು ಈ ಕೋಣೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಕಬಡ್ಡಿಯ ಬಗ್ಗೆ ಎರಡೇ ಮಾತು. ವರಳಿಯ ಅಂಗಣದಲ್ಲಿ 2015ರಲ್ಲಿ ಯು ಮುಂಬಾ ತಂಡ ಬೆಂಗಳೂರು ಬುಲ್ಸನ್ನು 36-30ರಿಂದ ಸೋಲಿಸಿತು. 2019ರ ಜನವರಿಯಲ್ಲಿ ಅದೇ ಬುಲ್ಸ್ ತಂಡ ಮುಂಬಯಿಗೇ ಬಂದು ಗುಜರಾತನ್ನು ಸೋಲಿಸಿ ಕಪ್ಪು ಒಯ್ದಿತು. ಅಲ್ಲಿಗೆ ಲೆಕ್ಕ ಚುಕ್ತಾ.

ಇನ್ನು ನಾವು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯ. ಅಹಮದಾಬಾದಿನಲ್ಲಿ ಗೆದ್ದ ಮರುದಿನ, 2025ರ ಜೂನ್ 4ರಂದು, ಬೆಂಗಳೂರಿನಲ್ಲಿ ವಿಜಯೋತ್ಸವವೆಂದು ಬೆಳಿಗ್ಗೆ ಸುದ್ದಿ ಹೊರಟಿತು; ಸಂಜೆಯೊಳಗೆ ಲಕ್ಷಗಟ್ಟಲೆ ಜನ ಸೇರಿದರು. ಚಿನ್ನಸ್ವಾಮಿ ಕ್ರೀಡಾಂಗಣದೊಳಗೆ ಹಿಡಿಸುವುದು ಮೂವತ್ತು ಸಾವಿರಕ್ಕೆ ಸ್ವಲ್ಪ ಹೆಚ್ಚು. ಒಳಗೆ ಹೋಗುವುದಕ್ಕೆ ಉಚಿತ ಪಾಸು ಉಂಟೆಂಬ ಮಾತು ಬೇರೆ. ಗೇಟುಗಳ ಬಳಿ ನೂಕುನುಗ್ಗಲಾಗಿ ಹನ್ನೊಂದು ಮಂದಿ ಸತ್ತರು. ಹೆಚ್ಚಿನವರು ಎಳೆಯರು, ಶಾಲೆಗೆ ಹೋಗುವ ಹುಡುಗಿಯೂ ಅವರಲ್ಲಿ ಇದ್ದಳು. ಹೊರಗೆ ಜನ ಉಸಿರು ಕಳೆದುಕೊಂಡಿದ್ದಾಗ ಒಳಗೆ ಸನ್ಮಾನ ನಡೆಯಿತು.

ಇದಾದ ಮೇಲೆ ಆ ಕ್ರೀಡಾಂಗಣ ದೊಡ್ಡ ಜನಸಂದಣಿಗೆ ಯೋಗ್ಯವಲ್ಲವೆಂದು ನ್ಯಾಯಮೂರ್ತಿ ಕುನ್ಹಾ ಆಯೋಗ ವರದಿ ಕೊಟ್ಟಿತು. ಹೆಣ್ಣುಮಕ್ಕಳ ವಿಶ್ವಕಪ್ಪಿನ ಪಂದ್ಯಗಳು ಬೆಂಗಳೂರಿನಲ್ಲಿ ನಡೆಯಬೇಕಾಗಿದ್ದವು. ಆಗಸ್ಟಿನಲ್ಲಿ ಬೆಂಗಳೂರಿನ ಹೆಸರು ತೆಗೆದು ನವಿಮುಂಬಯಿಯ ಹೆಸರು ಬರೆದರು. ಹೀಗೆ ನೆರೂಲಿನ ಡಿ.ವೈ. ಪಾಟೀಲ್ ಕ್ರೀಡಾಂಗಣಕ್ಕೆ, ಅಂದರೆ ನಮ್ಮ ಮನೆಬಾಗಿಲಿಗೆ, ವಿಶ್ವಕಪ್ಪು ಬಂತು. ಅಕ್ಟೋಬರ್ 30ರ ಸೆಮಿಫೈನಲಿನಲ್ಲಿ ಆಸ್ಟ್ರೇಲಿಯ ಇಟ್ಟ 339ರ ಗುರಿಯನ್ನು ನಮ್ಮವರು ಐದು ವಿಕೆಟ್ ಉಳಿಸಿಕೊಂಡು ಮುಟ್ಟಿದರು. ಔಟಾಗದೆ 127 ಹೊಡೆದ ಜೆಮಿಮಾ ರಾಡ್ರಿಗಸ್ ಭಾಂಡೂಪಿನ ಹುಡುಗಿ, ಮಂಗಳೂರು ಮೂಲದ ಮನೆತನದವಳು. ದಿನಾ ಎರಡು ಹೊತ್ತು ನಾವು ಹಾದುಹೋಗುವ ಸ್ಟೇಷನ್ನಿನವಳು. ನವೆಂಬರ್ 2ರ ಫೈನಲು ಮಳೆಯಿಂದಾಗಿ ಎರಡು ಗಂಟೆ ತಡವಾಗಿ ಆರಂಭವಾಯಿತು. ಶೆಫಾಲಿ ವರ್ಮಾ 87. ದೀಪ್ತಿ ಶರ್ಮಾ 58 ಓಟ ಮತ್ತು ಐದು ವಿಕೆಟ್. ಭಾರತ 298, ದಕ್ಷಿಣ ಆಫ್ರಿಕ 246. ಕೊನೆಯ ಕ್ಯಾಚನ್ನು ಹರ್ಮನ್‌ಪ್ರೀತ್ ಹಿಂದಕ್ಕೆ ಓಡಿ ಹಿಡಿದಾಗ ನಡುರಾತ್ರಿ. 1976ರಲ್ಲಿ ಪಾಟ್ನಾದಲ್ಲಿ ಭಾರತದ ವನಿತೆಯರಿಗೆ ಮೊದಲ ಟೆಸ್ಟ್ ಗೆಲುವು ತಂದ ನಾಯಕಿ ನಮ್ಮ ಬೆಂಗಳೂರಿನ ಶಾಂತಾ ರಂಗಸ್ವಾಮಿ. ಅವರ ಕಾಲದವರು ರಿಸರ್ವೇಶನ್ ಇಲ್ಲದ ಡಬ್ಬಿಯಲ್ಲಿ ಪ್ರಯಾಣ ಮಾಡಿ ಆಡಿದವರು. ಅಲ್ಲಿಂದ ನೆರೂಲಿನ ಆ ರಾತ್ರಿಗೆ ನಲವತ್ತೊಂಬತ್ತು ವರ್ಷ.

ನಮ್ಮ ಹುಡುಗರು ಆ ಗೆಲುವನ್ನು ವಾರಗಟ್ಟಲೆ ಆಡಿಕೊಂಡರು, ಆಡಿಕೊಳ್ಳಬೇಕಾದದ್ದೇ. ಆದರೆ ಆ ಪಂದ್ಯಗಳು ಇಲ್ಲಿಗೆ ಬಂದದ್ದು ಹನ್ನೊಂದು ಜನರ ಸಾವಿನ ದಾರಿಯಿಂದ. ಸತ್ತವರು ಆಟಗಾರರಲ್ಲ, ಅಧಿಕಾರಿಗಳಲ್ಲ. ಪುಟ ಹರಿಯುವಷ್ಟು ಓದುವ ನಮ್ಮಂಥವರು.

ತಪ್ಪು ಯಾರದೆಂಬ ಚರ್ಚೆ ಈ ಮೇಜಿನಲ್ಲೂ ನಡೆಯಿತು. ತಂಡದವರದೆಂದು ಕೆಲವರು, ಪೊಲೀಸರದು ಮತ್ತು ಸರಕಾರದ್ದೆಂದು ಕೆಲವರು. ಆ ಎರಡನ್ನೂ ನ್ಯಾಯಾಲಯಗಳು ನೋಡಿಕೊಳ್ಳಲಿ. ಮೂರನೆಯ ಮಾತೊಂದಿದೆ: 'ಅವರಿಗೆ ಅಲ್ಲಿಗೆ ಹೋಗಲು ಹೇಳಿದವರು ಯಾರು?' ಈ ಮಾತಿಗೆ ನಮ್ಮ ಆಕ್ಷೇಪವಿದೆ. ಹೋಗಲು ಹೇಳಿದ್ದರು, ಬನ್ನಿ ಎಂದು ಕರೆದಿದ್ದರು. 1989ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ, ಹಿಲ್ಸ್‌ಬರೋ ಮೈದಾನದಲ್ಲಿ, ಫುಟ್‌ಬಾಲ್ ನೋಡಲು ಹೋದವರು ಹೀಗೆಯೇ ಅಮುಕಿ ಹೋದರು; ಒಟ್ಟು ತೊಂಬತ್ತೇಳು ಸಾವು. ಕುಡಿದ ಅಭಿಮಾನಿಗಳದೇ ತಪ್ಪೆಂದು ಅಲ್ಲಿಯೂ ಅಂದರು. ತಪ್ಪು ಪ್ರೇಕ್ಷಕರದಲ್ಲ, ವ್ಯವಸ್ಥೆ ನೋಡಬೇಕಾದವರದು ಎಂದು ಪಂಚರು ತೀರ್ಪು ಕೊಟ್ಟಾಗ 2016 ಆಗಿತ್ತು. ಇಪ್ಪತ್ತೇಳು ವರ್ಷ ಆ ತಾಯಿತಂದೆಯರು ಮಕ್ಕಳ ಹೆಸರಿಗೆ ಅಂಟಿದ ಮಸಿ ತೊಳೆಯುತ್ತಿದ್ದರು. ನಮ್ಮ ಕಲಕತ್ತೆಯ ಈಡನ್ ಗಾರ್ಡನ್ಸಿನಲ್ಲೂ 1980ರ ಆಗಸ್ಟ್ 16ರಂದು ಮೋಹನ ಬಾಗಾನ್–ಈಸ್ಟ್ ಬೆಂಗಾಲ್ ಪಂದ್ಯದಲ್ಲಿ ಹದಿನಾರು ಮಂದಿ ಸತ್ತರು.

ಜನಸಂದಣಿಯ ವಿಷಯದಲ್ಲಿ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. 2017ರ ಸೆಪ್ಟೆಂಬರ್ 29ರ ಮಳೆಯ ಬೆಳಿಗ್ಗೆ ಎಲ್ಫಿನ್‌ಸ್ಟನ್ ರೋಡಿನ ಮೆಟ್ಟಿಲ ಮೇಲೆ ಇಪ್ಪತ್ತಮೂರು ಜೀವ ಹೋಯಿತು. ಅಲ್ಲಿ ಯಾವ ಕಪ್ಪಿನ ಮೆರವಣಿಗೆ ಇತ್ತು? ಕೆಲಸಕ್ಕೆ ಹೊರಟವರು. ಆಮೇಲೆ ಸೈನ್ಯದವರು ಬಂದು ಅಲ್ಲಿ, ಕರಿ ರೋಡಿನಲ್ಲಿ, ನಮ್ಮ ಅಂಬಿವಲಿಯಲ್ಲಿ ಮೇಲ್ಸೇತುವೆ ಕಟ್ಟಿಕೊಟ್ಟರು. ಬೆಂಗಳೂರಿನ ದುರಂತ ನಡೆದು ಐದೇ ದಿನಕ್ಕೆ, ಜೂನ್ 9ರಂದು, ಮುಂಬ್ರಾದ ಬಳಿ ತುಂಬಿದ ಲೋಕಲುಗಳ ಬಾಗಿಲಿನಿಂದ ನಮ್ಮ ಲೈನಿನ ಜನ ಬಿದ್ದು ಸತ್ತರು.

ಹಾಗಾಗಿ ನಮಗೆ ಗೊತ್ತಿದೆ: ಹಿಂದಿನಿಂದ ನೂಕುವವನು ಕೆಟ್ಟವನಲ್ಲ, ಮುಂದೆ ಬಾಗಿಲು ಮುಚ್ಚಿದೆಯೆಂದು ಅವನಿಗೆ ಕಾಣುವುದಿಲ್ಲ. ಇಂಥಲ್ಲಿ ಹಲವರು ತುಳಿತದಿಂದಲ್ಲ, ನಿಂತಲ್ಲೇ ಎದೆ ಒತ್ತಿಹೋಗಿ ಉಸಿರು ಕಟ್ಟಿ ಸಾಯುತ್ತಾರೆ. ಕೈಯನ್ನು ಎದೆಯ ಮುಂದೆ ಮಡಿಸಿ ಹಿಡಿದು ಒಂದಿಷ್ಟು ಜಾಗ ಉಳಿಸಿಕೊಂಡವನಿಗೆ ಉಸಿರಾಡಲು ಆಸ್ಪದವುಂಟು. ಬಿದ್ದ ಚಪ್ಪಲಿಗೆ ಬಗ್ಗಿದವನಿಗೆ ಇಲ್ಲ. ಎದುರು ನೂಕದೆ, ಅಲೆ ಸಡಿಲವಾದಾಗ ಓರೆಯಾಗಿ ಅಂಚಿಗೆ ಸರಿಯಬೇಕು. ದಾದರಿನಲ್ಲಿ ಇಳಿಯುವವರು ಇದನ್ನು ಪುಸ್ತಕ ಓದಿ ಕಲಿತಿಲ್ಲ.

ನೆರೂಲಿನ ಫೈನಲಿಗೂ ನಲವತ್ತು ಸಾವಿರದ ಹತ್ತಿರ ಜನ ಇದ್ದರು. ಅಲ್ಲಿ ಟಿಕೆಟಿಗೊಂದು ಕುರ್ಚಿ, ಕುರ್ಚಿಗೊಂದು ಗೇಟು, ಎಣಿಸಿದ ಜನ. ಬೆಂಗಳೂರಿನಲ್ಲಿ ಬಂದವರನ್ನು ಎಣಿಸಿದವರಿಲ್ಲ. ಮುಂದೆ ಯಾವುದೇ ತಂಡ ಗೆದ್ದು ಉತ್ಸವಕ್ಕೆ ಕರೆದರೆ, ಎಷ್ಟು ಜನಕ್ಕೆ ಜಾಗ, ಎಷ್ಟು ಗೇಟು, ಹೊರಗೆ ಹೋಗುವ ದಾರಿ ಯಾವುದು ಎಂದು ಕೇಳುವ ಹಕ್ಕು ನಮಗಿದೆ. ಹನ್ನೊಂದನೆಯ ಆಟಗಾರ ಯಾರಾಗಬೇಕೆಂದು ಎರಡು ಗಂಟೆ ವಾದಿಸುವ ನಾವು ಇದನ್ನೂ ಕಾಲು ಗಂಟೆ ವಾದಿಸಬಹುದು.

ನೆರೂಲಿಗೆ ಪಂದ್ಯಕ್ಕೆ ಹೋಗುವ ಯುವಕರಿಗೆ ಸಮಿತಿಯ ಪರವಾಗಿ ನಾಲ್ಕು ಮಾತು. ಕಲ್ಯಾಣ, ಡೊಂಬಿವಲಿಯವರು ಥಾಣೆಯಲ್ಲಿ ಇಳಿದು ಒಂಬತ್ತು-ಹತ್ತನೆಯ ಪ್ಲಾಟ್‌ಫಾರಮಿನಿಂದ ಪನ್ವೇಲ್ ಕಡೆಯ ಗಾಡಿ ಹಿಡಿಯಬೇಕು. ವಾಶಿ ಗಾಡಿ ಹತ್ತಿದರೆ ನೆರೂಲ್ ಸಿಕ್ಕುವುದಿಲ್ಲ. ಟಿಕೆಟು ಕೈಯಲ್ಲಿಲ್ಲದೆ 'ಅಲ್ಲಿ ಸಿಕ್ಕೀತು' ಎಂದು ಹೊರಡಬೇಡಿ. ಗೇಟಿನ ನಂಬರನ್ನು ಮನೆಯಲ್ಲೇ ನೋಡಿಕೊಳ್ಳಿ. ತಪ್ಪಿಸಿಕೊಂಡರೆ ಎಲ್ಲಿ ಸೇರುವುದೆಂದು ಥಾಣೆಯಲ್ಲೇ ಮಾತಾಡಿಕೊಳ್ಳಿ. ಆ ಹೊತ್ತಿನಲ್ಲಿ ಮೊಬೈಲು ಹಿಡಿಯುವುದಿಲ್ಲ. ಪಂದ್ಯ ಮುಗಿದ ಮೇಲೆ ಅರ್ಧ ಗಂಟೆ ಕುಳಿತುಕೊಳ್ಳಿ, ಕಡೆಯ ಗಾಡಿಯ ವೇಳೆ ಮಾತ್ರ ಮೊದಲೇ ಬರೆದುಕೊಂಡಿರಿ. ಚಿಕ್ಕವರನ್ನು ಕರೆದೊಯ್ಯುವವರು ಅವರ ಮನೆಯ ನಂಬರನ್ನು ಚೀಟಿಯಲ್ಲಿ ಬರೆದು ಅವರ ಜೇಬಿನಲ್ಲಿಡಿ. ಹತ್ತು ಜನ ಒಟ್ಟಾಗಿ ಹೋಗುವುದಿದ್ದರೆ ವಾಚನಾಲಯದ ಪುಸ್ತಕದಲ್ಲಿ ಹೆಸರು ಬರೆಸಬಹುದು. ಜೊತೆಗೆ ಬರಲು ಸ್ವಯಂಸೇವಕರಿದ್ದಾರೆ.